ಕನ್ನಡ ನೆಲದ ಪಾಸ್ಕ ಹಬ್ಬ

2025ರ ಯುಗಾದಿ ಭಾನುವಾರವೇ ಬಂದಿತ್ತು. ಸಂಘದ ಕಾರ್ಯಕ್ರಮ ಮುಗಿದು, ಬೇವು-ಬೆಲ್ಲ ಹಂಚಿ, ಸಭಾಂಗಣದ ಕುರ್ಚಿಗಳನ್ನು ಮಡಿಸಿಡುವ ಹೊತ್ತಿಗೆ ನಾಲ್ಕಾರು ಮಂದಿ ಚಹಾದ ಲೋಟ ಹಿಡಿದು ಮಾತಿಗೆ ನಿಂತಿದ್ದೆವು. ಆಗ ಹೊಸದಾಗಿ ಸದಸ್ಯರಾಗಿದ್ದ ಮಹಿಳೆಯೊಬ್ಬರು, "ಯುಗಾದಿ ಆಯಿತು, ಇನ್ನು ಮೂರು ವಾರಕ್ಕೆ ಪಾಸ್ಕ ಹಬ್ಬ. ಊರಿಗೆ ಹೋಗಬೇಕು" ಎಂದರು. ಪಾಸ್ಕ ಎಂದರೇನು ಎಂದು ಯಾರೋ ಕೇಳಿದರು. "ಈಸ್ಟರ್" ಎಂದರು ಆಕೆ. "ಓಹೋ, ಹಾಗಾದರೆ ನೀವು ಗೋವಾದವರೋ, ಮಂಗಳೂರಿನವರೋ? ಮನೆಯಲ್ಲಿ ಕೊಂಕಣಿಯೇ?" ಎಂದು ಮತ್ತೊಂದು ಪ್ರಶ್ನೆ ಬಂತು. ಕೇಳಿದವರಲ್ಲಿ ಕೆಟ್ಟ ಭಾವನೆಯೇನೂ ಇರಲಿಲ್ಲ. ಆಕೆಯೂ ಬೇಸರಿಸಿಕೊಳ್ಳದೆ, "ನಮ್ಮದು ಹಾಸನದ ಸೀಮೆ. ನಮ್ಮ ತಾತ ಇನ್ನಾಸಪ್ಪ, ಅಜ್ಜಿ ಚೌರಮ್ಮ. ಅವರಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಇದೆಯೆಂಬುದೇ ಗೊತ್ತಿರಲಿಲ್ಲ" ಎಂದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು, "ಕನ್ನಡದವರಲ್ಲೂ ಕ್ರೈಸ್ತರು ಇದ್ದಾರೆಯೇ!" ಎಂದುಬಿಟ್ಟರು.

ಆ ಮಾತು ನಮ್ಮ ಮನಸ್ಸಿನಲ್ಲಿ ಉಳಿಯಿತು. ಮುಂಬಯಿಯಲ್ಲಿ ಮೂವತ್ತು-ನಲವತ್ತು ವರ್ಷ ಕಳೆದ ನಮಗೆ 'ಮದ್ರಾಸಿಗಳು' ಎಂದು ಕರೆಸಿಕೊಂಡು ಸಾಕಾಗಿದೆ. ನಾವು ಕನ್ನಡಿಗರು, ನಮ್ಮದೇ ಬೇರೆ ಭಾಷೆ, ನಮ್ಮದೇ ಬೇರೆ ನಾಡು ಎಂದು ರೈಲಿನಲ್ಲಿ, ಆಫೀಸಿನಲ್ಲಿ, ಮಕ್ಕಳ ಶಾಲೆಯಲ್ಲಿ ಎಷ್ಟು ಸಲ ವಿವರಿಸಿಲ್ಲ! ಅಂಥ ನಾವೇ ನಮ್ಮ ಸಭಾಂಗಣದಲ್ಲಿ, ನಮ್ಮ ಭಾಷೆಯನ್ನೇ ಆಡುವ ಹೆಣ್ಣುಮಗಳೊಬ್ಬಳಿಂದ ಅದೇ ವಿವರಣೆಯನ್ನು ಕೇಳಿದೆವಲ್ಲ ಎಂದು ನಾಚಿಕೆಯಾಯಿತು. ಆ ನಾಚಿಕೆಯೇ ಈ ಲೇಖನಕ್ಕೆ ಕಾರಣ. ಆಕೆಯ ಕುಟುಂಬದೊಡನೆ ನಾವು ಮೂವರು ಅದೇ ಏಪ್ರಿಲಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ, ಬೆಂಗಳೂರಿಗೆ ಇಳಿದು, ಹಾಸನಕ್ಕೆ ಹೋಗಿಬಂದೆವು. ಅಲ್ಲಿ ಕಂಡದ್ದನ್ನೂ, ಬಂದ ಮೇಲೆ ಓದಿ ತಿಳಿದದ್ದನ್ನೂ ಇಲ್ಲಿ ಓದುಗರ ಮುಂದೆ ಇಡುತ್ತಿದ್ದೇವೆ.

ಮೊದಲು ಹೆಸರುಗಳ ವಿಚಾರ. ಇನ್ನಾಸಪ್ಪ ಎಂದರೆ ಸಂತ ಇಗ್ನೇಷಿಯಸ್. ಚೌರಪ್ಪ, ಚೌರಮ್ಮ ಎಂದರೆ ಸಂತ ಫ್ರಾನ್ಸಿಸ್ ಝೇವಿಯರ್; ಝೇವಿಯರ್ ಸವೇರಿಯಾಗಿ, ಸವೇರಿ ಚೌರಿಯಾಗಿ, ಅದಕ್ಕೆ ನಮ್ಮ ಅಪ್ಪ-ಅಮ್ಮ ಸೇರಿಕೊಂಡಿತು. ಅಂತೋಣಿ ಅಂತಪ್ಪನಾದ, ಜೋಸೆಫ್ ಜೋಜಪ್ಪನಾದ. ರಾಯಪ್ಪ ಎಂಬುದು ಸಂತ ಪೇತ್ರನ ಹೆಸರು, ಚಿನ್ನಪ್ಪ ಎಂಬುದು ಪೌಲನ ಹೆಸರು, ಅರುಳಪ್ಪ ಎಂಬುದು ಯೊವಾನ್ನನ ಹೆಸರು. ಇವು ತಮಿಳುನಾಡಿನ ಮಿಷನ್ನುಗಳ ದಾರಿಯಾಗಿ ಬಂದವು. 'ಶಿಲುಬೆ' ಎಂಬ ಮಾತು ಸಿರಿಯಾದ ಭಾಷೆಯಿಂದ ಹೊರಟು ತಮಿಳಿನ ಮೂಲಕ ಕನ್ನಡಕ್ಕೆ ಬಂದದ್ದು. 'ಪಾಸ್ಕ' ಎಂಬುದಂತೂ ಯೆಹೂದ್ಯರ ಪೆಸಾಹ್ ಹಬ್ಬದ ಹೆಸರೇ. ಲ್ಯಾಟಿನ್ನಿನಲ್ಲಿ ನೆಲೆನಿಂತು, ಪೋರ್ಚುಗೀಸರ ಹಡಗು ಹತ್ತಿ ನಮ್ಮ ಕರಾವಳಿಗೆ ಬಂದಿಳಿಯಿತು. ಹಾಸನದ ರೈತ ಮಹಿಳೆಯೊಬ್ಬಳ ಬಾಯಲ್ಲಿ ಈಗ ಅದು ರಾಗಿ, ಅವರೆಗಳಷ್ಟೇ ಸಹಜವಾದ ಮಾತು.

ಹಬ್ಬದ ದಿನವನ್ನು ಗೊತ್ತುಮಾಡುವ ಕ್ರಮ ನಮ್ಮ ಪಂಚಾಂಗದವರಿಗೆ ಪರಕೀಯವೆನಿಸದು. ಕ್ರಿಸ್‌ಮಸ್ ಸೂರ್ಯನ ಲೆಕ್ಕದ ಹಬ್ಬ, ತಾರೀಖು ಬದಲಾಗುವುದಿಲ್ಲ. ಪಾಸ್ಕ ಚಂದ್ರನ ಲೆಕ್ಕದ ಹಬ್ಬ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆ ಕಳೆದ ಮೊದಲ ಭಾನುವಾರ ಪಾಸ್ಕ. ಆದ್ದರಿಂದ ಅದು ಮಾರ್ಚ್ 22ಕ್ಕಿಂತ ಮುಂಚೆ ಬರುವಂತಿಲ್ಲ, ಏಪ್ರಿಲ್ 25ನ್ನು ದಾಟುವಂತಿಲ್ಲ. 1818ರಲ್ಲಿ ಮಾರ್ಚ್ 22ಕ್ಕೇ ಬಂದಿತ್ತು. 1943ರಲ್ಲಿ ಏಪ್ರಿಲ್ 25ರವರೆಗೂ ಹೋಗಿತ್ತು. ಯುಗಾದಿ ಅಮಾವಾಸ್ಯೆಯ ಮರುದಿನ, ಪಾಸ್ಕ ಹುಣ್ಣಿಮೆಯ ಮರುವಾರ. ಹೀಗಾಗಿ ಹೆಚ್ಚಿನ ವರ್ಷಗಳಲ್ಲಿ ಯುಗಾದಿಯ ಬೆನ್ನಿಗೇ ಪಾಸ್ಕ ಬರುತ್ತದೆ. ಅಧಿಕಮಾಸದ ತೊಡಕಿದ್ದಾಗ ಮಾತ್ರ ಹಿಂದುಮುಂದಾಗುತ್ತದೆ. ಎಲ್ಲ ಕ್ರೈಸ್ತರೂ ಒಂದೇ ಭಾನುವಾರ ಹಬ್ಬ ಮಾಡಬೇಕೆಂದು ನಿರ್ಣಯವಾದದ್ದು ಕ್ರಿ.ಶ. 325ರಲ್ಲಿ ನೈಸಿಯದ ಸಭೆಯಲ್ಲಿ. ಆಮೇಲೆ ಪಂಚಾಂಗ ಭೇದದಿಂದ ಪೂರ್ವದವರೂ ಪಶ್ಚಿಮದವರೂ ಬೇರೆ ಬೇರೆ ದಿನ ಹಿಡಿದರು. ನಾವು ಹೋದ 2025ಕ್ಕೆ ಆ ಸಭೆಗೆ ಸರಿಯಾಗಿ 1,700 ವರ್ಷ ತುಂಬಿತ್ತು. ಯೋಗಾಯೋಗವೆಂಬಂತೆ ಆ ವರ್ಷ ಎರಡೂ ಕಡೆಯವರ ಹಬ್ಬ ಏಪ್ರಿಲ್ 20ರಂದೇ ಬಿದ್ದಿತ್ತು.

ಕನ್ನಡ ಒಳನಾಡಿಗೆ ಈ ಹಬ್ಬ ಯಾವಾಗ ಬಂತು? ಕರಾವಳಿಯ ಕಥೆ ಬೇರೆ. ಅಲ್ಲಿ ಪೋರ್ಚುಗೀಸರಿದ್ದರು, ಗೋವಾದಿಂದ ಬಂದು ನೆಲೆಸಿದ ಕೊಂಕಣಿ ಕುಟುಂಬಗಳಿದ್ದವು. ಮೈಸೂರು ಸೀಮೆಗೆ ಬಂದವನು ಇಟಲಿಯ ಯೇಸುಸಭೆಯ ಪಾದ್ರಿ ಲಿಯೊನಾರ್ಡೊ ಚಿನ್ನಮಿ. 1648ರ ಸುಮಾರಿಗೆ, ರಣಧೀರ ಕಂಠೀರವ ನರಸರಾಜ ಒಡೆಯರ ಆಳಿಕೆಯಲ್ಲಿ, ಆತ ಶ್ರೀರಂಗಪಟ್ಟಣಕ್ಕೆ ಬಂದ. ಆತನ ಬೆನ್ನಿಗೆ ಫಿರಂಗಿ ಇರಲಿಲ್ಲ, ಸೈನ್ಯ ಇರಲಿಲ್ಲ. ಕಾವಿ ತೊಟ್ಟು, ಸಂನ್ಯಾಸಿಯಂತೆ ಬದುಕಿ, ಕನ್ನಡ ಕಲಿತ. ಕಲಿತದ್ದಷ್ಟೇ ಅಲ್ಲ, ಕನ್ನಡಕ್ಕೆ ಒಂದು ವ್ಯಾಕರಣವನ್ನೂ ನಿಘಂಟನ್ನೂ ಬರೆದ. ಕ್ರೈಸ್ತ ಧರ್ಮಬೋಧೆಯನ್ನು ಕನ್ನಡದಲ್ಲಿ ರಚಿಸಿದ. ರೆವರೆಂಡ್ ಕಿಟೆಲ್ಲರ ನಿಘಂಟು 1894ರದು. ಅದಕ್ಕೆ ಇನ್ನೂರಕ್ಕೂ ಹೆಚ್ಚು ವರ್ಷ ಮೊದಲಿನ ಮಾತಿದು. ಬಾಸೆಲ್ ಮಿಷನ್ನಿನವರನ್ನು ನಾವು ಎಷ್ಟು ನೆನೆದರೂ ಕಡಿಮೆಯೇ. ಆದರೆ ಚಿನ್ನಮಿಯ ಹೆಸರು ಕೇಳಿದವರು ಎಷ್ಟು ಮಂದಿ? ಆತನ ಬರಹಗಳು ಅಚ್ಚಾಗಿ ಜನರ ಕೈಗೆ ಬರಲಿಲ್ಲ ಎಂಬುದು ಒಂದು ಕಾರಣವಿರಬಹುದು.

ಹದಿನೆಂಟನೆಯ ಶತಮಾನ ಈ ಪುಟ್ಟ ಸಮುದಾಯಕ್ಕೆ ಕಷ್ಟದ ಕಾಲ. 1773ರಲ್ಲಿ ರೋಮಿನ ಜಗದ್ಗುರುಗಳೇ ಯೇಸುಸಭೆಯನ್ನು ವಿಸರ್ಜಿಸಿದ್ದರಿಂದ ಮೈಸೂರಿನ ಹಳ್ಳಿಗಳಿಗೆ ಗುರುಗಳಿಲ್ಲದಂತಾಯಿತು. ಮುಂದೆ ಆಂಗ್ಲರಿಗೂ ಟಿಪ್ಪುವಿಗೂ ನಡೆದ ಯುದ್ಧಗಳ ಮಧ್ಯೆ ಸಿಕ್ಕಿಬಿದ್ದವರು ಇವರು. 1784ರ ಬೂದಿ ಬುಧವಾರದ ಹೊತ್ತಿಗೆ, ಎಂದರೆ ಪಾಸ್ಕಕ್ಕೆ ಮುಂಚಿನ ನಲವತ್ತು ದಿನಗಳ ವ್ರತ ಹಿಡಿಯುವ ಹೊತ್ತಿಗೆ, ಕೆನರಾದ ಕ್ರೈಸ್ತರನ್ನು ಒಟ್ಟುಗೂಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಎಷ್ಟು ಮಂದಿ ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ಬಹಳ ಮಂದಿ ಹಿಂತಿರುಗಲಿಲ್ಲ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಕರಾವಳಿಯ ದೇವಾಲಯಗಳು ನೆಲಸಮವಾದವು. ಟಿಪ್ಪುವಿನ ವಿಚಾರ ಎತ್ತಿದರೆ ಈಗ ಎರಡು ಬಣಗಳಾಗಿ ಜಗಳಕ್ಕೆ ನಿಲ್ಲುತ್ತೇವೆ. ಆ ಜಗಳಕ್ಕೆ ಇಲ್ಲಿ ಎಡೆಗೊಡುವ ಇಚ್ಛೆ ನಮಗಿಲ್ಲ. ಹದಿನೈದು ವರ್ಷ ಗುರುವಿಲ್ಲದೆ, ಗಂಟೆಯಿಲ್ಲದೆ, ಮನೆಯೊಳಗೆ ಮೆಲುದನಿಯಲ್ಲಿ ಜಪ ಹೇಳಿಕೊಂಡ ಜನರಿದ್ದರು ಎಂಬಷ್ಟನ್ನು ಮಾತ್ರ ನೆನಪಿಡೋಣ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಚದುರಿದ್ದವರನ್ನು ಹುಡುಕಿ ಒಟ್ಟುಮಾಡಲು ಬಂದವರು ಫ್ರಾನ್ಸಿನ ಪಾದ್ರಿ ಅಬ್ಬೆ ದುಬುವಾ. ಇವರ ಕಥೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾದದ್ದು. 1766ರಲ್ಲಿ ಹುಟ್ಟಿದ ಇವರು, ಫ್ರಾನ್ಸಿನಲ್ಲಿ ಮಹಾಕ್ರಾಂತಿ ಹೊತ್ತಿ ಉರಿಯುತ್ತಿದ್ದ 1792ರಲ್ಲಿ ಗುರುದೀಕ್ಷೆ ಪಡೆದು ಅದೇ ವರ್ಷ ಭಾರತಕ್ಕೆ ಹೊರಟರು. ಇಲ್ಲಿ ಮೂವತ್ತೊಂದು ವರ್ಷ ಇದ್ದರು. ನಮ್ಮವರ ಉಡುಪು ತೊಟ್ಟು, ನಮ್ಮವರ ಊಟ ಉಂಡು, ಮಾಂಸ ಬಿಟ್ಟು ಬದುಕಿದರು. ಜನ ಅವರನ್ನು 'ದೊಡ್ಡ ಸ್ವಾಮಿಯವರು' ಎಂದು ಕರೆದರು. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ 1800ರಲ್ಲಿ ಕಟ್ಟಿದ ಸಾದಾ ದೇವಾಲಯ ಈಗಲೂ ಅವರ ಹೆಸರಿನಿಂದಲೇ ಪ್ರಸಿದ್ಧ. ದರಿಯಾ ದೌಲತ್ ನೋಡಲು ಹೋಗುವ ನಮ್ಮ ಪ್ರವಾಸಿಗಳು ಒಂದು ಹತ್ತು ನಿಮಿಷ ಅತ್ತ ತಿರುಗಬಹುದು.

ಹಾಸನ ಸೀಮೆಯ ಸಾತಹಳ್ಳಿಯಲ್ಲಿ ದುಬುವಾ ಒಂದು ಬೇಸಾಯದ ನೆಲೆಯನ್ನೇ ಏರ್ಪಡಿಸಿದರು. ಊರು-ಮನೆ ಕಳೆದುಕೊಂಡವರಿಗೆ ಬರಿಯ ಉಪದೇಶ ಸಾಲದು, ಉಳುವುದಕ್ಕೆ ನೆಲ ಬೇಕು ಎಂಬುದನ್ನು ಅವರು ಕಂಡುಕೊಂಡಿದ್ದರು. ಸಿಡುಬಿನ ವಿರುದ್ಧ ಹಾಲುಚುಚ್ಚುವ ಹೊಸ ವಿದ್ಯೆ ಆಗತಾನೆ ಯೂರೋಪಿನಿಂದ ಬಂದಿತ್ತು. ಜನ ಹೆದರಿ ಓಡುತ್ತಿದ್ದರು. ದೊಡ್ಡ ಸ್ವಾಮಿಯವರು ಹಳ್ಳಿ ಹಳ್ಳಿ ತಿರುಗಿ ಒಪ್ಪಿಸಿದರು. 1803-04ರಲ್ಲಿ 25,432 ಮಂದಿಗೆ ಚುಚ್ಚಿಸಿದ ಲೆಕ್ಕ ದಾಖಲೆಯಲ್ಲಿದೆ. ಇವರಲ್ಲಿ ಕ್ರೈಸ್ತರೆಷ್ಟು, ಅಲ್ಲದವರೆಷ್ಟು ಎಂದು ಯಾರೂ ಕೇಳಿದಂತಿಲ್ಲ.

ಹಿಂದೂಗಳ ಆಚಾರ-ವ್ಯವಹಾರಗಳ ಮೇಲೆ ಇವರ ಹೆಸರಿನಲ್ಲಿ ಬಂದ ದೊಡ್ಡ ಗ್ರಂಥವನ್ನು ಕಂಪೆನಿ ಸರ್ಕಾರ ಎರಡು ಸಾವಿರ ವರಹಗಳಿಗೆ ಕೊಂಡು, 1816ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿತು. ಅದರ ಬಹುಭಾಗ ಹಿಂದಿನ ಯೇಸುಸಭೆಯ ಪಾದ್ರಿ ಕೇರ್ದೂ ಬರೆದಿಟ್ಟಿದ್ದ ಹಸ್ತಪ್ರತಿಯಿಂದ ಬಂದದ್ದೆಂದು ಫ್ರಾನ್ಸಿನ ವಿದ್ವಾಂಸೆ ಸಿಲ್ವಿಯಾ ಮ್ಯೂರ್ 1987ರಲ್ಲಿ ತೋರಿಸಿಕೊಟ್ಟಿದ್ದಾರೆ. ಗ್ರಂಥದ ಕೀರ್ತಿ ಅಷ್ಟು ತಗ್ಗಿತೆನ್ನಿ. ಹಾಲುಚುಚ್ಚಿದ ಕೀರ್ತಿಗೆ ಮಾತ್ರ ಪಾಲುಗಾರರಿಲ್ಲ. ಇನ್ನೊಂದು ವಿಚಿತ್ರ: 1823ರಲ್ಲಿ ಫ್ರಾನ್ಸಿಗೆ ಹಿಂದಿರುಗಿದ ದುಬುವಾ, ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಹೋಗದ ಕೆಲಸ ಎಂದು ಬಹಿರಂಗವಾಗಿ ಬರೆದರು. ಇಂಗ್ಲೆಂಡಿನ ಮಿಷನರಿಗಳಿಗೆ ಸಿಟ್ಟು ಬಂತು. ಅವರು ಸೋತೆನೆಂದುಕೊಂಡು ಹೋದ ನೆಲದಲ್ಲಿ ಅವರು ಒಟ್ಟುಗೂಡಿಸಿದ ಜನರ ಮೊಮ್ಮಕ್ಕಳ ಮೊಮ್ಮಕ್ಕಳು ಈಗಲೂ ಪಾಸ್ಕ ಮಾಡುತ್ತಿದ್ದಾರೆ ಎಂಬುದನ್ನು, 1848ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ ಆ ಮುದುಕರಿಗೆ ಯಾರಾದರೂ ಹೇಳಬೇಕಿತ್ತು.

ಹಳೆಯ ಕಾಲದ ಹಳ್ಳಿಯ ಧರ್ಮಕೇಂದ್ರದಲ್ಲಿ ಪಾಸ್ಕಕ್ಕೆ ಎಂಥ ಸ್ಥಾನವಿತ್ತೆಂಬುದನ್ನು ತಿಳಿಯಲು ಒಂದು ನಿಯಮವನ್ನು ನೆನೆಯಬೇಕು. 1215ರಷ್ಟು ಹಿಂದೆಯೇ ರೋಮಿನ ಸಭೆ ವಿಧಿಸಿದ್ದು: ಪ್ರತಿಯೊಬ್ಬ ಕಥೋಲಿಕನೂ ವರ್ಷಕ್ಕೆ ಒಮ್ಮೆಯಾದರೂ ಪಾಪನಿವೇದನೆ ಮಾಡಿ, ಪಾಸ್ಕದ ಕಾಲದಲ್ಲಿ ಪರಮಪ್ರಸಾದ ಸ್ವೀಕರಿಸಬೇಕು. ಒಬ್ಬರೇ ಗುರುಗಳು ಹತ್ತಾರು ಹಳ್ಳಿ ನೋಡಿಕೊಳ್ಳುವ ಕಾಲದಲ್ಲಿ ಇದರ ಅರ್ಥವೇನು? ತಪಸ್ಸು ಕಾಲ ಹುಟ್ಟಿದೊಡನೆ ಗುರುಗಳು ಕುದುರೆಯ ಮೇಲೋ ಎತ್ತಿನ ಗಾಡಿಯಲ್ಲೋ ಹಳ್ಳಿ ಸುತ್ತಬೇಕು. ಪಾಪನಿವೇದನೆಗೆ ಮೊದಲು ಜಗಳಗಳು ಬಗೆಹರಿಯಬೇಕು. ಬದುವಿನ ಜಗಳ, ಅಣ್ಣತಮ್ಮಂದಿರ ಪಾಲಿನ ಜಗಳ, ಅತ್ತೆಸೊಸೆಯರ ಮುನಿಸು - ಉಪದೇಶಿ ಮುಂಚಿತವಾಗಿ ಪಟ್ಟಿ ಮಾಡಿಟ್ಟುಕೊಂಡಿರುತ್ತಿದ್ದನಂತೆ. ಗುರುಗಳ ಮುಂದೆ ಮಾತಾಡಿ ಮುಗಿಸಿದವರಿಗೆ ಮಾತ್ರ ಹಬ್ಬ. ನ್ಯಾಯಾಲಯಕ್ಕೆ ಹೋಗದೆ ಎಷ್ಟು ವ್ಯಾಜ್ಯಗಳು ಹೀಗೆ ಮುಗಿದವೋ! ಊರಿನ ಸೌಖ್ಯಕ್ಕೆ ಇದಕ್ಕಿಂತ ಒಳ್ಳೆಯ ವಾರ್ಷಿಕ ಏರ್ಪಾಡು ನಮಗೆ ಹೊಳೆಯುವುದಿಲ್ಲ.

ಆದರೆ ಎಲ್ಲವೂ ಚೆನ್ನಾಗಿತ್ತೆಂದು ಬರೆದರೆ ಸುಳ್ಳಾಗುತ್ತದೆ. ಜಾತಿ ಇಲ್ಲಿಯೂ ಒಳಗೆ ಬಂದಿತ್ತು. ದಕ್ಷಿಣದ ಎಷ್ಟೋ ದೇವಾಲಯಗಳಲ್ಲಿ ಮೇಲುಜಾತಿಯಿಂದ ಬಂದವರು ಒಂದು ಕಡೆ, ಉಳಿದವರು ಇನ್ನೊಂದು ಕಡೆ. ಸ್ಮಶಾನದ ನಡುವೆಯೂ ಗೋಡೆ. ಸತ್ತವರು ಏಳುತ್ತಾರೆಂದು ಹಾಡುವ ಹಬ್ಬದಲ್ಲಿ, ಏಳುವುದಕ್ಕೂ ಬೇರೆ ಬೇರೆ ಜಾಗ! ದುಬುವಾ ಅವರಂಥ ಸಾಧುಗಳು ಕೂಡ ಇದನ್ನು ನಾಡಿನ ನಡವಳಿಕೆಯೆಂದು ಸಹಿಸಿಕೊಂಡರು. ಇದನ್ನು ಹೇಳದೆ ಮುಂದೆ ಹೋಗಲು ನಮಗೆ ಮನಸ್ಸು ಬರಲಿಲ್ಲ.

1850ರಲ್ಲಿ ಮೈಸೂರು ಬೇರೆಯೇ ಮಿಷನ್ ಪ್ರಾಂತ್ಯವಾಯಿತು. ಫ್ರೆಂಚ್ ಧರ್ಮಾಧ್ಯಕ್ಷ ಷಾರ್ಬೊನೋ ಅವರ ಕಾಲದಲ್ಲಿ ಬೆಂಗಳೂರಿನ ಮಿಷನ್ ಮುದ್ರಣಾಲಯದಿಂದ 1861ರಲ್ಲಿ ಲ್ಯಾಟಿನ್-ಕನ್ನಡ ನಿಘಂಟು ಹೊರಬಂತು. 1876-78ರ ಧಾತು-ಈಶ್ವರ ಬರದಲ್ಲಿ ತಬ್ಬಲಿಗಳಾದವರಿಗಾಗಿ ನೆಲಮಂಗಲದ ಕಡೆ ಸಿಲುವೆಪುರದಂಥ ಹೊಸ ಊರು ಎದ್ದಿತು. ಈ ಕಾಲಕ್ಕೇ, 1860ರ ದಶಕದಲ್ಲಿ, ಫ್ರೆಂಚ್ ಪಾದ್ರಿಗಳು ಹೇಮಾವತಿಯ ದಂಡೆಯ ಶೆಟ್ಟಿಹಳ್ಳಿಯಲ್ಲಿ ಜಪಮಾಲೆ ಮಾತೆಯ ಹೆಸರಿನಲ್ಲಿ ಎತ್ತರದ ಕಮಾನುಗಳ ದೊಡ್ಡ ದೇವಾಲಯವನ್ನು ಕಟ್ಟಿದರು. ಹಾಸನದಿಂದ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಬರಹಗಳನ್ನು ಓದಿದವರಿಗೆ ಆ ನದಿಯೂ ಆ ಸೀಮೆಯ ಜನರೂ ಅಪರಿಚಿತರಲ್ಲ.

ಈ ದೇವಾಲಯದ ಚಿತ್ರವನ್ನು ನಮ್ಮಲ್ಲಿ ಬಹುಮಂದಿ ನೋಡಿದ್ದಾರೆ; ಯಾವುದೆಂದು ತಿಳಿಯದೆ ನೋಡಿದ್ದಾರೆ. ನೀರಿನ ನಡುವೆ ಚಾವಣಿಯಿಲ್ಲದ ಕಮಾನುಗಳು ನಿಂತಿರುವ ಚಿತ್ರ. ಸಿನಿಮಾದವರು, ಮದುವೆಯ ಫೋಟೋದವರು ಅಲ್ಲಿಗೆ ಹೋಗುತ್ತಾರೆ. ಗೊರೂರಿನಲ್ಲಿ ಹೇಮಾವತಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿಯಿತು. ಸುಮಾರು 37 ಟಿ.ಎಂ.ಸಿ. ನೀರು ಹಿಡಿಯುವ ಜಲಾಶಯ. ಹಾಸನ, ತುಮಕೂರು, ಮಂಡ್ಯದ ಎಷ್ಟೋ ಹೊಲಗಳು ಇದರಿಂದ ಹಸಿರಾದವು. ಆ ಉಪಕಾರವನ್ನು ಮರೆಯುವಂತಿಲ್ಲ. ಆದರೆ ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿದವು. ಶೆಟ್ಟಿಹಳ್ಳಿಯ ಜನ ಎದ್ದು ಬೇರೆ ಕಡೆ ಹೋದರು. ದೇವಾಲಯ ಮಾತ್ರ ನಿಂತಿತು. ಮಳೆಗಾಲದಲ್ಲಿ ನೀರು ಏರಿ ಅರ್ಧ ಮುಳುಗುತ್ತದೆ. ಬೇಸಿಗೆಯಲ್ಲಿ ನೀರು ಇಳಿದು ಒಣನೆಲದ ಮೇಲೆ ಮತ್ತೆ ಕಾಣಿಸಿಕೊಳ್ಳುತ್ತದೆ. ಅದು ಹೀಗೆ ಪೂರ್ತಿ ಹೊರಗೆ ಬರುವುದು, ನೋಡಿ, ಪಾಸ್ಕದ ಸುಮಾರಿಗೇ.

ಅಲ್ಲಿನ ಪ್ರವಾಸಿ ಮಾರ್ಗದರ್ಶಕರು ಹೇಳುವುದುಂಟು: ಸಕಲೇಶಪುರ, ಆಲೂರಿನ ಇಂಗ್ಲಿಷ್ ತೋಟದ ದೊರೆಗಳಿಗಾಗಿ ಇದನ್ನು ಕಟ್ಟಿದ್ದು, ಗಾರೆಗೆ ಬೆಲ್ಲವನ್ನೂ ಮೊಟ್ಟೆಯನ್ನೂ ಬೆರೆಸಿದ್ದು ಎಂದು. ಗಾರೆಯ ಮಾತು ಹೇಗಾದರೂ ಇರಲಿ. ತೋಟದ ದೊರೆಗಳ ಮಾತು ನಮಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಇಂಗ್ಲಿಷ್ ದೊರೆಗಳಲ್ಲಿ ಹೆಚ್ಚಿನವರು ಪ್ರಾಟೆಸ್ಟೆಂಟರು. ಫ್ರೆಂಚ್ ಕಥೋಲಿಕ ಪಾದ್ರಿಗಳ ಗುಡಿಗೆ ಅವರು ಎಷ್ಟು ಮಂದಿ ಬಂದಾರು? ಆ ಸೀಮೆಯಲ್ಲಿ ದುಬುವಾ ಅವರ ಕಾಲದಿಂದ ಬೇರೂರಿದ್ದ ಒಕ್ಕಲು ಕ್ರೈಸ್ತರಿದ್ದರು. ಗೋಡೆ ಎತ್ತಿದವರೂ, ಒಳಗೆ ನೆಲದ ಮೇಲೆ ಕುಳಿತವರೂ ಕನ್ನಡ ಮಾತಾಡುವ ರೈತರು. ದೊಡ್ಡ ಕಟ್ಟಡ ಕಂಡೊಡನೆ ಅದನ್ನು ದೊರೆಗಳಿಗೆ ಒಪ್ಪಿಸಿಬಿಡುವ ನಮ್ಮ ಚಾಳಿ ಹಳೆಯದು.

ನಮ್ಮ ಸದಸ್ಯೆಯ ಸೋದರಮಾವ ಎಪ್ಪತ್ತು ದಾಟಿದವರು. ಊರು ಬಿಡುವಾಗ ಅವರಿಗೆ ಇಪ್ಪತ್ತರ ಹರೆಯ. "ಸ್ವರೂಪಗಳನ್ನ ತಲೆ ಮೇಲೆ ಹೊತ್ಕೊಂಡು ಹೋದ್ವಿ ಸಾಮಿ. ಮನೆ ಸಾಮಾನು ಆಮೇಲೆ" ಎಂದರು. ಸ್ವರೂಪ ಎಂದರೆ ಇವರ ಮಾತಿನಲ್ಲಿ ಸಂತರ ವಿಗ್ರಹ. ಪರಿಹಾರದ ಹಣ ಬಂದದ್ದು, ಅದು ಕರಗಿದ್ದು, ಹೊಸ ಜಾಗದ ನೆಲ ಹಳೆಯ ನೆಲದಂತೆ ಫಲ ಕೊಡದಿದ್ದದ್ದು - ಇವನ್ನು ಅವರು ಹೆಚ್ಚು ಬೆಳೆಸಲಿಲ್ಲ. ಒಂದು ಮಾತು ಮಾತ್ರ ಎರಡು ಸಲ ಹೇಳಿದರು. ಸತ್ತವರ ಸ್ಮರಣೆಯ ದಿನ ನವೆಂಬರ್ 2. ಆಗ ಜಲಾಶಯ ತುಂಬಿರುತ್ತದೆ. "ಎಲ್ರೂ ಅವತ್ತು ಸಮಾಧಿಗೆ ದೀಪ ಹಚ್ತಾರೆ. ನಮ್ಮೋರು ನೀರೊಳಗೆ ಅವ್ರೆ. ನಮಗೆ ಪಾಸ್ಕ ಬಂದ್ರೇ ಅವರ ಹತ್ರ ಹೋಗಕ್ಕಾಗೋದು."

ಪವಿತ್ರ ವಾರವನ್ನು ನಾವು ಹೊಸ ಊರಿನಲ್ಲಿಯೇ ಕಳೆದೆವು. ಗರಿಗಳ ಭಾನುವಾರ ಮುಗಿದುಹೋಗಿತ್ತು; ಮನೆಗಳ ಬಾಗಿಲ ಮೇಲೆ ತೆಂಗಿನ ಗರಿಯ ಶಿಲುಬೆಗಳು ಇನ್ನೂ ಹಸಿರಾಗಿದ್ದವು. ಇವು ವರ್ಷವೆಲ್ಲ ಅಲ್ಲೇ ಒಣಗಿ, ಮುಂದಿನ ತಪಸ್ಸು ಕಾಲಕ್ಕೆ ಸುಟ್ಟು ಬೂದಿಯಾಗಿ, ಬೂದಿ ಬುಧವಾರ ಹಣೆಗೆ ಬರುತ್ತವೆ. ಗುರುವಾರ ಸಂಜೆ ಗುರುಗಳು ಹನ್ನೆರಡು ಮಂದಿಯ ಕಾಲು ತೊಳೆದರು. ಯೇಸುಸ್ವಾಮಿ ತನ್ನ ಶಿಷ್ಯರ ಕಾಲು ತೊಳೆದದ್ದರ ನೆನಪು. ಆ ಪೂಜೆಯಲ್ಲಿ ಒಮ್ಮೆ ಬಾರಿಸಿದ ಗಂಟೆ ಶನಿವಾರ ರಾತ್ರಿಯವರೆಗೆ ಮೌನ. ಶುಭ ಶುಕ್ರವಾರ ಜನರನ್ನು ಕರೆಯುವುದು ಮರದ ಗಿಲಕಿಯ ಸದ್ದಿನಿಂದ. ಅಂದು ಊರಿನಲ್ಲಿ ಒಂದು ಹೊತ್ತಿನ ಗಂಜಿ. ಪೂಜೆಯ ಪೀಠ ಬೋಳು. ಬಟ್ಟೆಯಿಲ್ಲ, ಹೂವಿಲ್ಲ, ದೀಪವಿಲ್ಲ. ಮುದುಕಿಯರು ಹಾಡಿದ ಪಾಡಿನ ಹಾಡುಗಳನ್ನು ಕೇಳಿದಾಗ ನಮ್ಮ ಕಡೆಯ ಸಾವಿನ ಮನೆಯ ಅಳುವಿನ ಧಾಟಿಯೇ ಕಿವಿಗೆ ಬಿತ್ತು. ಪೂಜೆ ಲ್ಯಾಟಿನ್ನಿನಲ್ಲಿದ್ದ ಕಾಲದಲ್ಲಿಯೂ ಈ ಹಾಡುಗಳು ಕನ್ನಡದಲ್ಲಿದ್ದವು ಎಂಬುದನ್ನು ಗಮನಿಸಬೇಕು. ಕನಕಪುರದ ಹತ್ತಿರದ ಹಾರೋಬೆಲೆಯಲ್ಲಿ ಯೇಸುವಿನ ಪಾಡನ್ನು 'ಮಹಿಮೆ' ಎಂಬ ನಾಟಕವಾಗಿಯೇ ಊರವರು ಆಡುತ್ತಾರೆ. ಅದಕ್ಕೆ ನೂರು ವರ್ಷ ಮೀರಿದೆ. ಆ ಊರಿನ ಕಪಾಲಬೆಟ್ಟದ ಹೆಸರು 2019ರ ಕೊನೆಯಲ್ಲಿ ಪ್ರತಿಮೆಯ ವಿವಾದದಿಂದಾಗಿ ಎಲ್ಲ ಪತ್ರಿಕೆಗಳಲ್ಲಿ ಬಂತು. ನಾಟಕದ ಸುದ್ದಿ ಅಷ್ಟು ಬಂದದ್ದನ್ನು ನಾವು ಕಾಣೆವು.

ಶನಿವಾರ ರಾತ್ರಿ ದೀಪವೆಲ್ಲ ಆರಿಸಿ ಎಲ್ಲರೂ ಗುಡಿಯ ಹೊರಗೆ ಕತ್ತಲಲ್ಲಿ ನಿಂತೆವು. ಅಂಗಳದಲ್ಲಿ ಹೊಸ ಬೆಂಕಿ ಮಾಡಿದರು. ಆಳೆತ್ತರಕ್ಕೆ ಸ್ವಲ್ಪ ಕಡಿಮೆಯ ಮೇಣದ ಬತ್ತಿಯ ಮೇಲೆ ಗುರುಗಳು ಶಿಲುಬೆ ಕೊರೆದು, ಅದರ ನಾಲ್ಕು ಮೂಲೆಗೆ 2, 0, 2, 5 ಎಂದು ಆ ವರ್ಷದ ಅಂಕಿ ಬರೆದು, ಐದು ಗಾಯಗಳ ನೆನಪಿಗೆ ಐದು ಧೂಪದ ಕಾಳು ಚುಚ್ಚಿದರು. ಆ ಬತ್ತಿಯಿಂದ ಒಬ್ಬರು ಹಚ್ಚಿಕೊಂಡು, ಅವರಿಂದ ಪಕ್ಕದವರು ಹಚ್ಚಿಕೊಂಡು, ನಮ್ಮ ಕೈಗೂ ಒಂದು ಸಣ್ಣ ಬತ್ತಿ ಬಂತು. ನಾವು ಆ ಧರ್ಮದವರಲ್ಲ. ಹಿಡಿಯಬಹುದೋ ಬಾರದೋ ಎಂದು ಅನುಮಾನಿಸುತ್ತ ನಿಂತಾಗ, ಪಕ್ಕದ ಅಜ್ಜಿ, "ಹಿಡ್ಕೊಳಪ್ಪ, ದೀಪ ತಾನೆ" ಎಂದರು. ಹಿಡಿದುಕೊಂಡೆವು. ಆಮೇಲೆ ನೀರಿನ ಆಶೀರ್ವಾದ. ದೊಡ್ಡ ಹಂಡೆಗಳ ನೀರು ಮಂತ್ರಿಸಿ ಜನರ ಮೇಲೆ ಚಿಮುಕಿಸಿದರು. ಎಲ್ಲರೂ ತಮ್ಮ ದೀಕ್ಷಾಸ್ನಾನದ ವ್ರತಗಳನ್ನು ಮತ್ತೆ ಹೇಳಿದರು. ಬಾಟಲಿಗಳಲ್ಲಿ ತುಂಬಿಕೊಂಡು ಮನೆಗೂ ಒಯ್ದರು. ಮನೆ ಮಠ ನೀರಿಗೆ ಕಳೆದುಕೊಂಡ ಜನ ನೀರಿಗೆ ಕೈಮುಗಿಯುವುದನ್ನು ನೋಡಿ ನಮಗೆ ಏನೋ ಆಯಿತು; ಅದರ ಬಗ್ಗೆ ಅವರನ್ನು ಕೇಳಲು ಧೈರ್ಯವಾಗಲಿಲ್ಲ.

ಈ ರಾತ್ರಿಯ ಜಾಗರಣೆ ಬಹಳ ಪುರಾತನವಾದರೂ ನಡುವೆ ಶತಮಾನಗಳ ಕಾಲ ಅದನ್ನು ಶನಿವಾರ ಬೆಳಗ್ಗೆಯೇ ಮುಗಿಸಿಬಿಡುತ್ತಿದ್ದರು. ಬಿಸಿಲಿನಲ್ಲಿ ನಿಂತು ಕತ್ತಲೆಯನ್ನು ಹೊಗಳಿ ದೀಪ ಹಚ್ಚುವುದು! 1951ರಲ್ಲಿ ಪೋಪ್ ಹನ್ನೆರಡನೆಯ ಪಿಯುಸ್ ಪ್ರಯೋಗವೆಂದು ರಾತ್ರಿಗೆ ತಂದರು. 1956ರಿಂದ ಎಲ್ಲೆಡೆ ಅದೇ ಕ್ರಮ. 1963ರ ಡಿಸೆಂಬರಿನಲ್ಲಿ ಎರಡನೆಯ ವ್ಯಾಟಿಕನ್ ಸಭೆ ಜನರ ಮಾತಿನಲ್ಲಿ ಪೂಜೆಗೆ ಅನುಮತಿ ಕೊಟ್ಟಿತು. 1969ರ ಏಪ್ರಿಲ್ 25ರಂದು ಭಾರತದ ದೇವಾಲಯಗಳಿಗೆ ಹನ್ನೆರಡು ವಿಷಯಗಳಲ್ಲಿ ನಮ್ಮ ನಡವಳಿಕೆಗೆ ಒಪ್ಪಿಗೆ ಬಂತು: ನೆಲದ ಮೇಲೆ ಕೂರುವುದು, ಕೈಮುಗಿಯುವುದು, ಎಣ್ಣೆಯ ದೀಪ, ಆರತಿ ಮುಂತಾಗಿ. ಹಾಸನದ ಒಕ್ಕಲುಗಳು ನೆಲದ ಮೇಲೆ ಕೂರಲು ರೋಮಿನ ಅಪ್ಪಣೆಗೆ ಕಾದಿರಲಿಲ್ಲವೆನ್ನಿ.

ಜನರ ಮಾತು ಎಂದರೆ ಯಾರ ಮಾತು? ಬೆಂಗಳೂರಿನಲ್ಲಿ ಇದೇ ತೊಡಕಾಯಿತು. ದಂಡಿನ ಪ್ರದೇಶದಲ್ಲಿ ನೆಲೆಸಿದ ತಮಿಳು ಕಥೋಲಿಕರ ಸಂಖ್ಯೆ ದೊಡ್ಡದು. ಸುತ್ತಲ ಹಳ್ಳಿಗಳ ಕನ್ನಡ ಕಥೋಲಿಕರು ಚಿಕ್ಕ ಗುಂಪು. ಲ್ಯಾಟಿನ್ ಹೋದ ಮೇಲೆ ಆ ಜಾಗಕ್ಕೆ ಯಾವ ಭಾಷೆ ಎಂಬ ಪ್ರಶ್ನೆ 1970ರ ದಶಕದಿಂದ ಮುಂದೆ ಬಹಳ ವರ್ಷ ಮನಸ್ಸುಗಳನ್ನು ಕಹಿ ಮಾಡಿತು, ಬೀದಿಗೂ ಬಂತು. ತಾವು ಹುಟ್ಟಿದ ನಾಡಿನಲ್ಲಿ, ತಮ್ಮ ದೇವರ ಮುಂದೆ, ತಮ್ಮ ಮಾತಿಗೆ ಹೋರಾಡಬೇಕಾಯಿತಲ್ಲ ಎಂಬ ನೋವು ಕನ್ನಡ ಕ್ರೈಸ್ತರದು. ತಮಿಳು ಸೋದರರನ್ನು ದೂರುವ ಹಕ್ಕು ನಮಗಿಲ್ಲ. ಪರನಾಡಿನಲ್ಲಿ ಕುಳಿತು ಮಕ್ಕಳಿಗೆ ಕನ್ನಡ ಬೇಕೆಂದು ಅರ್ಜಿ ಬರೆಯುವವರು ನಾವೇ. ಎರಡೂ ಕಡೆಯ ಸಂಕಟ ನಮಗೆ ಅರ್ಥವಾಗಬೇಕಾದದ್ದು.

ಮುಂಬಯಿಯಲ್ಲಿ ನಮ್ಮ ಸದಸ್ಯೆಯ ಪಾಡು ಇನ್ನೂ ವಿಚಿತ್ರ. ಇಲ್ಲಿ ಪಾಸ್ಕದ ಪೂಜೆ ಇಂಗ್ಲಿಷಿನಲ್ಲಿ ಉಂಟು, ಕೊಂಕಣಿಯಲ್ಲಿ ಉಂಟು, ವಸಯಿ ಕಡೆ ಮರಾಠಿಯಲ್ಲಿ ಉಂಟು. ಮಂಗಳೂರಿನ ಕಥೋಲಿಕರು ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುವವರು. 1912ರ 'ಕೊಂಕ್ಣಿ ದಿರ್ವೆಂ' ಮತ್ತು 1938ರಲ್ಲಿ ಹುಟ್ಟಿದ 'ರಾಕ್ಣೊ' ಕನ್ನಡ ಅಕ್ಷರದಲ್ಲಿ ಅಚ್ಚಾದವು. ಆಕೆ ಅಕ್ಷರ ಓದಬಲ್ಲರು, ಅರ್ಥವಾಗದು! "ಇಂಗ್ಲಿಷ್ ಪೂಜೆಗೆ ಹೋಗಿ ನಿಂತು ಮನಸ್ಸಿನಲ್ಲೇ ಕನ್ನಡದಲ್ಲಿ ಹೇಳಿಕೊಳ್ಳುತ್ತೇನೆ. ಸ್ವಲ್ಪ ಹಿಂದೆ ಬೀಳುತ್ತೇನೆ, ಅಷ್ಟೆ" ಎಂದು ನಕ್ಕರು.

ಭಾನುವಾರ ಕುರಿಮಾಂಸದ ಊಟ. ನಮ್ಮಲ್ಲಿ ಸಸ್ಯಾಹಾರಿಗಳಿದ್ದುದರಿಂದ ಅವರೆಕಾಳಿನ ಸಾರು, ಪಾಯಸ. ಸೋಮವಾರ ಮಧ್ಯಾಹ್ನ ಪೋಪ್ ಫ್ರಾನ್ಸಿಸ್ ತೀರಿಕೊಂಡ ಸುದ್ದಿ ಮೊಬೈಲಿನಲ್ಲಿ ಬಂತು. ಎರಡು ದಿನದ ಹಿಂದೆ ಹಬ್ಬಕ್ಕೆ ಬಾರಿಸಿದ ಗಂಟೆಯನ್ನೇ ಒಬ್ಬ ಹುಡುಗ ನಿಧಾನವಾಗಿ, ಬಿಟ್ಟು ಬಿಟ್ಟು ಬಾರಿಸತೊಡಗಿದ.

ಅಂದು ಸಂಜೆ ಎಲ್ಲರೂ ಹಳೆಯ ಗುಡಿಗೆ ಹೋದೆವು. ನೀರು ದೂರ ಸರಿದಿತ್ತು. ಬಿರಿದ ಕಪ್ಪು ಮಣ್ಣು, ಅಲ್ಲಲ್ಲಿ ಹುಲ್ಲು, ಗೋಡೆಯ ಮೇಲೆ ನೀರು ನಿಂತ ಗೆರೆ. ನಾಲ್ಕಾರು ಯುವಕರು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಸೋದರಮಾವ ಕಮಾನುಗಳಾಚೆ ಕೈ ತೋರಿಸಿ, ಅಲ್ಲೇ ಎಲ್ಲೋ ನಮ್ಮೋರು ಎಂದು, ಗಾಳಿಗೆ ಕೈ ಅಡ್ಡ ಹಿಡಿದು ಎರಡು ಮೇಣದ ಬತ್ತಿ ಹಚ್ಚಿಟ್ಟರು. ನಮ್ಮ ಸದಸ್ಯೆಯ ಮಗ, ಮುಂಬಯಿಯಲ್ಲಿ ಆರನೆಯ ಇಯತ್ತೆಯಲ್ಲಿ ಓದುವ ಹುಡುಗ, "ನೀವು ಎಲ್ಲಿ ಕೂರುತ್ತಿದ್ದಿರಿ, ತಾತ?" ಎಂದು ಕೇಳಿದ. ಮುದುಕರು ಬಾಗಿಲಿದ್ದ ಜಾಗದಿಂದ ಹೆಜ್ಜೆ ಎಣಿಸುತ್ತ ಒಳಗೆ ಬಂದು ನಿಂತರು. "ಗಂಡಸ್ರು ಈ ಕಡೆ. ಹೆಂಗಸ್ರು ಆ ಕಡೆ. ನಿಮ್ಮ ಮುತ್ತಜ್ಜಿ ಚೌರಮ್ಮ ಆ ಕಂಬದ ಪಕ್ಕ. ಬೆನ್ನು ನೋವು, ಒರಗಿಕೊಳ್ಳೋಕೆ ಬೇಕಿತ್ತು." ಹುಡುಗ ಹೋಗಿ ಆ ಕಂಬಕ್ಕೆ ಒರಗಿ ಮಣ್ಣಿನಲ್ಲಿ ಕುಳಿತ. ಹಬ್ಬದ ಹೊಸ ಬಟ್ಟೆ. ಆಕೆ ಅವನನ್ನು ಏಳು ಎನ್ನಲಿಲ್ಲ.